ಯಾರ ಹೊತ್ತು ಸರಿಯಾದ ಹೊತ್ತು?

ಸೂರ್ಯ ಎಷ್ಟು ಗಂಟೆಗೆ ಮೂಡುತ್ತಾನೆ, ಎಲ್ಲಿ ಮುಳುಗುತ್ತಾನೆ, ಚಂದ್ರ ಈ ಕ್ಷಣ ಆಕಾಶದ ಯಾವ ಭಾಗದಲ್ಲಿದ್ದಾನೆ ಎಂಬುದನ್ನು ತಿಳಿಸುವ ಮೊಬೈಲ್ ಆ್ಯಪ್‌ಗಳು ಇಂದು ಹಳ್ಳಿಯ ತರುಣರ ಕೈಗೂ ಬಂದಿವೆ. ಛಾಯಾಗ್ರಾಹಕರು ಸಂಜೆಯ ಹೊಂಬೆಳಕನ್ನು ಹಿಡಿಯಲು, ಮಾಳಿಗೆಯ ಮೇಲೆ ಸೌರಫಲಕ ಕೂಡಿಸುವವರು ಅದರ ದಿಕ್ಕನ್ನು ಗೊತ್ತುಮಾಡಲು, ಮನೆ ಕಟ್ಟಿಸುವವರು ಕಿಟಕಿಯನ್ನು ಎತ್ತ ಇಡಬೇಕೆಂದು ನಿರ್ಧರಿಸಲು ಇವನ್ನು ಬಳಸುತ್ತಾರೆ. ಫೋನನ್ನು ಆಕಾಶದತ್ತ ಎತ್ತಿ ಹಿಡಿದರೆ ಸೂರ್ಯ ನಡೆಯಲಿರುವ ಹಾದಿ ಪರದೆಯ ಮೇಲೆ ಕಮಾನಿನಂತೆ ಮೂಡುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಉಪಗ್ರಹಗಳ ಸಂಕೇತದಿಂದ ಫೋನು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಅರಿಯುತ್ತದೆ. ತನ್ನೊಳಗಿನ ದಿಕ್ಸೂಚಿಯಿಂದ ದಿಕ್ಕನ್ನು ಅರಿಯುತ್ತದೆ. ಉಳಿದುದೆಲ್ಲ ಗಣಿತ. ಹಿಂದೆ ಪಂಚಾಂಗ ಬರೆಯುವವರು ದಿನಗಟ್ಟಲೆ ಕುಳಿತು ಮಾಡುತ್ತಿದ್ದ ಲೆಕ್ಕವನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ.

ನಮ್ಮ ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಹೊತ್ತು’ ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಮುಳುಗಿತು ಎನ್ನುವ ಒಕ್ಕಲಿಗನಿಗೆ ಗಡಿಯಾರವೂ ಸೂರ್ಯನೂ ಎರಡಲ್ಲ. ಆದರೆ ಇವೆರಡೂ ಬೇರೆಯಾಗಿ ನೂರು ವರ್ಷಗಳ ಮೇಲಾಯಿತು. ಆ ಬಿರುಕನ್ನು ಈ ಆ್ಯಪ್‌ಗಳು ಅಂಗೈಯಲ್ಲಿಯೇ ತೋರಿಸುತ್ತಿವೆ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಆ ಗೆರೆಯಿಂದ ಆರು ಡಿಗ್ರಿಯಷ್ಟು ಪಶ್ಚಿಮಕ್ಕಿವೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು. ಆದುದರಿಂದ ಗಡಿಯಾರದಲ್ಲಿ 12 ಹೊಡೆದಾಗ ಜೇವರ್ಗಿಯಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರಲು ಸರಾಸರಿ ಇನ್ನೂ 23 ನಿಮಿಷ ಉಳಿದಿರುತ್ತದೆ. ಆಳಂದದಲ್ಲಿ ಸುಮಾರು 24, ಅಫಜಲಪುರದಲ್ಲಿ ಇನ್ನೂ ಅರ್ಧ ನಿಮಿಷ ಹೆಚ್ಚು. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಅದರಿಂದ ಈ ಅಂತರವೂ ವರ್ಷದುದ್ದಕ್ಕೂ ಒಂದೇ ಆಗಿರುವುದಿಲ್ಲ. ಅಫಜಲಪುರದಲ್ಲಿ ನವೆಂಬರ್ ಮೊದಲ ವಾರ ನಡುಹಗಲು 12.08ಕ್ಕೇ ಬರುತ್ತದೆ, ಫೆಬ್ರವರಿ ನಡುವಿನಲ್ಲಿ 12.39ರವರೆಗೆ ಕಾಯಬೇಕು.

ಹಾಗಾದರೆ ನಮ್ಮ ದೇವಾಲಯಗಳಲ್ಲಿ ಮಧ್ಯಾಹ್ನ 12ಕ್ಕೆ ಬಾರಿಸುವ ತ್ರಿಕಾಲ ಪ್ರಾರ್ಥನೆಯ ಗಂಟೆ ಈ ಸೀಮೆಯಲ್ಲಿ ವರ್ಷದ ಯಾವ ದಿನವೂ ನಿಜವಾದ ನಡುಹಗಲಿಗೆ ಬಾರಿಸಿದ್ದಲ್ಲ! ಫೋನು ಹಿಡಿದ ತರುಣನೊಬ್ಬನು, “ಗಂಟೆ ತಪ್ಪು ಹೊತ್ತಿಗೆ ಬಾರಿಸುತ್ತಿದೆ” ಎಂದರೆ ನಾವು ಏನು ಹೇಳಬೇಕು? ನಕ್ಕು ಸುಮ್ಮನಾಗಬಹುದು. ಆದರೆ ಪ್ರಶ್ನೆ ಅಷ್ಟು ಹಗುರವಾದುದಲ್ಲ. ಒಬ್ಬನ ಕೈಯಲ್ಲಿ ನಿಖರವಾದ ಸತ್ಯವಿದೆ. ಊರಿಗೆಲ್ಲ ಒಪ್ಪಿತವಾದ ಒಂದು ಅಂದಾಜಿದೆ. ಇವುಗಳಲ್ಲಿ ಯಾವುದಕ್ಕೆ ನಾವು ಬದ್ಧರು? ಹಬ್ಬ, ಉಪವಾಸ, ಕೂಲಿ, ಕಂದಾಯ ಇವೆಲ್ಲವೂ ಹೊತ್ತನ್ನು ಅವಲಂಬಿಸಿರುವಾಗ ಇದು ಖಗೋಳದ ಪ್ರಶ್ನೆಯಾಗಿ ಉಳಿಯುವುದಿಲ್ಲ, ನೀತಿಯ ಪ್ರಶ್ನೆಯಾಗುತ್ತದೆ.

ಮೊದಲಿಗೆ ಆ ‘ನಿಖರವಾದ ಸತ್ಯ’ವನ್ನೇ ಒಂದಿಷ್ಟು ವಿಚಾರಿಸೋಣ. ಸೂರ್ಯೋದಯ 6 ಗಂಟೆ 14 ನಿಮಿಷ ಎಂದು ಆ್ಯಪ್ ಹೇಳಿತೆನ್ನಿ. ಆ ಕ್ಷಣದಲ್ಲಿ ನಿಜವಾಗಿ ಏನು ನಡೆಯುತ್ತದೆ? ಸೂರ್ಯಬಿಂಬದ ಮೇಲಂಚು ದಿಗಂತದಲ್ಲಿ ಇಣುಕಿದಂತೆ ಕಾಣುತ್ತದೆ. ವಾಸ್ತವದಲ್ಲಿ ಬಿಂಬ ಪೂರ್ತಿಯಾಗಿ ದಿಗಂತದ ಕೆಳಗೇ ಇರುತ್ತದೆ. ಗಾಳಿಯ ಪದರ ಬೆಳಕನ್ನು ಬಾಗಿಸುವುದರಿಂದ ಅದು ಮೇಲೆದ್ದಂತೆ ತೋರುತ್ತದೆ. ಈ ಬಾಗು ದಿಗಂತದಲ್ಲಿ ಸುಮಾರು 34 ಕಲೆಗಳಷ್ಟು, ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಎಂದು ಖಗೋಳಜ್ಞರು ಒಪ್ಪಿಕೊಂಡು ಲೆಕ್ಕಕ್ಕೆ ಸೇರಿಸಿದ್ದಾರೆ. ಅಂದಿನ ಚಳಿ, ಸೆಕೆ, ಗಾಳಿಯ ಒತ್ತಡಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ದಿಗಂತವೂ ಕಡಲಂತೆ ಸಮತಲವೆಂದು ಭಾವಿಸಲಾಗಿದೆ. ಆಳಾಳು ಎತ್ತರ ನಿಂತ ತೊಗರಿಯ ಹೊಲದಲ್ಲಿ ಕುಳಿತವನಿಗೆ ಸೂರ್ಯ ಕಾಣುವುದು ಇನ್ನೂ ತಡವಾಗಿ. ಅಂದರೆ ನಿಖರವೆಂದು ನಾವು ಬೆರಗಾಗುವ ಈ ಅಂಕಿಯೊಳಗೂ ಒಂದು ಒಪ್ಪಂದ ಅಡಗಿದೆ. ಯಾವುದನ್ನು ಉದಯವೆಂದು ಕರೆಯಬೇಕೆಂದು ಬಲ್ಲವರು ಸೇರಿ ಗೊತ್ತುಮಾಡಿದ ಮೇಲೆಯೇ ಗಣಿತ ಆರಂಭವಾಗುತ್ತದೆ.

ಇನ್ನು ಊರಿನ ಅಂದಾಜಿನ ವಿಷಯ. ದೇಶಕ್ಕೆಲ್ಲ ಒಂದೇ ಗಡಿಯಾರ ಬಂದುದು 1906ರ ಜನವರಿ 1ರಂದು. ಅದಕ್ಕೂ ಮೊದಲು ದೊಡ್ಡ ಪಟ್ಟಣಗಳಿಗೆ ತಂತಮ್ಮ ಹೊತ್ತು ಇತ್ತು. ರೈಲು ಓಡಲಾರಂಭಿಸಿದ ಮೇಲೆ ಊರಿಗೊಂದು ಹೊತ್ತಿನಿಂದ ಕೆಲಸ ನಡೆಯದಾಯಿತು. ಮುಂಬಯಿಯ ಜನ ಮಾತ್ರ ಬೇಗ ಒಪ್ಪಲಿಲ್ಲ. ಹೊಸ ಗಡಿಯಾರಕ್ಕಿಂತ 39 ನಿಮಿಷ ಹಿಂದಿದ್ದ ತಮ್ಮ ಹೊತ್ತನ್ನು ಅವರು ಪುರಸಭೆಯ ಬಳಕೆಯಲ್ಲಿ 1955ರವರೆಗೂ ಉಳಿಸಿಕೊಂಡರು. ಸೂರ್ಯನನ್ನು ಕೇಳಿದ್ದರೆ ಅವನು ಮುಂಬಯಿಯವರ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದನು. ಆದರೂ ಕೊನೆಗೆ ಅವರು ನೆರೆಯವರೊಡನೆ ನಡೆಯಲು ಒಪ್ಪಿದರು. ಅದರಿಂದ ಅವರಿಗೆ ನಷ್ಟವಾಯಿತೆಂದು ಇಂದು ಯಾರೂ ಹೇಳುವುದಿಲ್ಲ.

ಹಾಗೆಂದು ಎಲ್ಲರಿಗೂ ಒಂದೇ ಹೊತ್ತು ಎಂಬುದು ಯಾವಾಗಲೂ ಒಳಿತೇ ಎಂದು ಹೇಳಲಾಗದು. ಇದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಒಂದು ಪಾಠವಿದೆ. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಕಾಲದ ಜಮೀನಿನ ಕಾಗದಪತ್ರಗಳಲ್ಲಿ ‘ಫಸಲಿ’ ಎಂಬ ವರ್ಷದ ಲೆಕ್ಕವನ್ನು ಹಿರಿಯರು ಬಲ್ಲರು. ನಾವು ಬೆಳೆಗೆ ಹೇಳುವ ‘ಫಸಲು’ ಎಂಬ ಮಾತೇ ಅದರ ಬೇರು. ಈ ಲೆಕ್ಕ ಏಕೆ ಬೇಕಾಯಿತು ಎಂಬುದು ಸ್ವಾರಸ್ಯಕರ. ಹಿಜರಿ ವರ್ಷ ಪೂರ್ತಿ ಚಂದ್ರನನ್ನು ಅನುಸರಿಸುತ್ತದೆ. ಅದಕ್ಕೆ ಸುಮಾರು 354 ದಿನಗಳು. ಬೆಳೆಯಾದರೋ ಸೂರ್ಯನನ್ನು ಅನುಸರಿಸುತ್ತದೆ. ಅದರ ವರ್ಷ 365 ದಿನಗಳದು. ಲೆಕ್ಕ ಹಾಕಿ ನೋಡಿದರೆ 33 ಚಾಂದ್ರ ವರ್ಷಗಳು 32 ಸೌರ ವರ್ಷಗಳಿಗೆ ಸಮನಾಗುತ್ತವೆ. ಚಂದ್ರನ ವರ್ಷಕ್ಕೊಮ್ಮೆ ಕಂದಾಯ ಕೇಳಿದರೆ ರೈತ 32 ಬೆಳೆ ತೆಗೆದು 33 ಬಾರಿ ಕಂದಾಯ ಕಟ್ಟಬೇಕಾಗುತ್ತದೆ! ಸುಗ್ಗಿಗೂ ಕಂದಾಯಕ್ಕೂ ಇದ್ದ ಈ ಮೇಳವಿಲ್ಲದ ಸ್ಥಿತಿಯನ್ನು ಸರಿಪಡಿಸಲೆಂದೇ ಅಕ್ಬರನ ಕಾಲದಲ್ಲಿ ಸೌರಮಾನದ ಫಸಲಿ ಲೆಕ್ಕ ಆರಂಭವಾಯಿತು; ಷಹಜಹಾನನ ಕಾಲದಲ್ಲಿ ಅದು ದಖ್ಖನಿಗೆ ಬಂದಿತು. ಹಬ್ಬಹರಿದಿನಗಳಿಗೆ ಹಿಜರಿ ವರ್ಷ ಹಾಗೆಯೇ ಉಳಿಯಿತು, ಕಂದಾಯಕ್ಕೆ ಮಾತ್ರ ಫಸಲಿ ಬಂದಿತು. ಮುಂದೆ 1949ರಲ್ಲಿ ಹೈದರಾಬಾದಿನ ಜಾಗೀರುಗಳನ್ನು ರದ್ದುಪಡಿಸಿದ ಶಾಸನದ ಹೆಸರಿನಲ್ಲಿಯೂ ‘1358 ಫಸಲಿ’ ಎಂದೇ ಇದೆ.

ಈ ಒಂದು ಉದಾಹರಣೆಯಿಂದ ನನಗೆ ಕಾಣುವುದು ಇಷ್ಟು. ಹೊತ್ತಿನ ಲೆಕ್ಕದಲ್ಲಿ ತಪ್ಪಿದೆಯೇ ಎಂದು ಕೇಳಿದರಷ್ಟೇ ಸಾಲದು. ಆ ತಪ್ಪಿನ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ಕೇಳಬೇಕು. ದೇವಾಲಯದ ಗಂಟೆ 23 ನಿಮಿಷ ಮೊದಲು ಬಾರಿಸಿದರೆ ಯಾರ ಊಟವೂ ಕಡಿಮೆಯಾಗುವುದಿಲ್ಲ. ಎಲ್ಲರೂ ಒಟ್ಟಿಗೆ ಪ್ರಾರ್ಥಿಸುವ ಲಾಭವಿದೆ. ಅಲ್ಲಿ ನಿಖರತೆಯನ್ನು ಬಿಟ್ಟುಕೊಡುವುದೇ ಸೌಜನ್ಯ. ಕಂದಾಯದ ಲೆಕ್ಕದಲ್ಲಾದರೋ ಒಂದು ವರ್ಷದ ತಪ್ಪಿಗೆ ಬಡವನ ಕಣಜ ಬರಿದಾಗುತ್ತದೆ. ಅಲ್ಲಿ ಸರಿಯಾದ ಲೆಕ್ಕ ಬಲ್ಲವನು ಸುಮ್ಮನಿದ್ದರೆ ಅದು ಸೌಜನ್ಯವಲ್ಲ, ಅನ್ಯಾಯದಲ್ಲಿ ಪಾಲುಗೊಂಡಂತೆ.

ಇದು ಹಳೆಯ ಕತೆಯಷ್ಟೇ ಅಲ್ಲ. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು ಹೇಗಿರುತ್ತದೆಂದು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಇದೆ. ಗಡಿಯಾರವು ಸೂರ್ಯನಿಗೆ ಮಣಿದ ಅಪರೂಪದ ಸಂದರ್ಭ ಇದು, ಒಳ್ಳೆಯದು. ಆದರೆ ಕಚೇರಿಯ ಮೇಜಿಗೆ ದೊರೆತ ಈ ದಯೆ ರಸ್ತೆಗೆ ಡಾಂಬರು ಹಾಕುವವರಿಗೆ, ಇಟ್ಟಿಗೆ ಹೊರುವ ಹೆಂಗಸರಿಗೆ ದೊರೆಯುತ್ತದೆಯೇ? ಮೇ 10ರ ಆಸುಪಾಸಿನಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಅಂದು ಸುಮಾರು 12.20ಕ್ಕೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ಆರಂಭದಲ್ಲಿ ಮತ್ತೊಮ್ಮೆ ಹೀಗಾಗುತ್ತದಾದರೂ ಮಳೆಮೋಡದಲ್ಲಿ ಅದನ್ನು ಕಂಡವರು ಕಡಿಮೆ. ಯಾವ ಬೇವಿನ ಮರದ ನೆರಳು ಎರಡು ಗಂಟೆಗೆ ಎಲ್ಲಿ ಬೀಳುತ್ತದೆ, ಮೂರು ಗಂಟೆಗೆ ಯಾವ ಗೋಡೆಯ ಬದಿ ತಂಪಾಗುತ್ತದೆ ಎಂಬುದನ್ನು ಈ ಆ್ಯಪ್ ಮುಂಚಿತವಾಗಿಯೇ ತೋರಿಸಬಲ್ಲದು. ಗುತ್ತಿಗೆದಾರನು ಅದನ್ನು ನೋಡಿ ಕುಡಿಯುವ ನೀರಿನ ಗಡಿಗೆಯನ್ನೂ ಕೂಸುಗಳ ಜೋಳಿಗೆಯನ್ನೂ ಎಲ್ಲಿಡಬೇಕೆಂದು ಗೊತ್ತುಮಾಡಿದರೆ ಆಕಾಶದ ಗಣಿತಕ್ಕೆ ಅದಕ್ಕಿಂತ ಉತ್ತಮವಾದ ಉಪಯೋಗವನ್ನು ನಾನು ಕಾಣೆ. ಮದುವೆಯ ಚಿತ್ರಗಳಿಗೆ ಅಷ್ಟು ಜಾಗ್ರತೆಯಿಂದ ಬೆಳಕನ್ನು ಅಳೆಯುವ ನಾವು, ದುಡಿಯುವವರ ನೆರಳನ್ನೂ ಒಮ್ಮೆ ಅಳೆದರೇನು?

ಹಬ್ಬಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಈ ಸೀಮೆಯ ಬಾಳು ಚಂದ್ರನ ಲೆಕ್ಕದೊಡನೆ ಹೆಣೆದುಕೊಂಡಿದೆ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಅಮರ್ಜಾ ನದಿಗಳ ಸಂಗಮದ ಬಳಿಯ ಗಾಣಗಾಪುರಕ್ಕೆ ಹುಣ್ಣಿಮೆ ಬಂದಿತೆಂದರೆ ದತ್ತಾತ್ರೇಯನ ಭಕ್ತರು ಬಂದು ಸೇರುತ್ತಾರೆ. ಆಳಂದದ ಲಾಡ್ಲೆ ಮಶಾಯಿಖ್ ದರ್ಗಾದ ಉರುಸು ಹಿಜರಿ ತಿಂಗಳಿನ ಲೆಕ್ಕದಂತೆ ಋತುಗಳನ್ನು ಸುತ್ತುತ್ತ ಹೋಗುತ್ತದೆ. ಹಿಂಗಾರಿನ ಜೋಳ ಎದೆಯುದ್ದ ನಿಂತಿರುವಾಗ, ತೊಗರಿ ಕೊಯ್ಲಿಗೆ ಬರುತ್ತಿರುವಾಗ, ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಸಜ್ಜೆಯ ರೊಟ್ಟಿ, ಭಜ್ಜಿ, ಕಡಬುಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹೊಲವಿಲ್ಲದ ನೆರೆಯವರನ್ನೂ ಬೇರೆ ಧರ್ಮದ ಗೆಳೆಯರನ್ನೂ ಕರೆದುಕೊಂಡು ಹೋಗುವುದು ವಾಡಿಕೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಆ ಬುತ್ತಿಯ ರುಚಿ ಬಲ್ಲವು. ಅಮಾವಾಸ್ಯೆಯ ತಿಥಿ ಎಷ್ಟೋ ಸಲ ಒಂದು ದಿನದ ನಡುವೆ ಆರಂಭವಾಗಿ ಮರುದಿನದ ನಡುವೆ ಮುಗಿಯುತ್ತದೆ. ಹಾಗಾದಾಗ ಯಾವ ದಿನ ಹೊಲಕ್ಕೆ ಹೋಗಬೇಕು? ಊರ ಹಿರಿಯರು ಒಂದು ದಿನವನ್ನು ಹೇಳುತ್ತಾರೆ, ಊರು ಹೊರಡುತ್ತದೆ. ಸೂರ್ಯ ಚಂದ್ರರು ಕೂಡುವ ನಿಮಿಷವನ್ನು ಫೋನಿನಲ್ಲಿ ನೋಡಿಕೊಂಡು ಒಬ್ಬನೇ ಬುತ್ತಿ ಕಟ್ಟಿಕೊಂಡು ಹೋದವನು ಲೆಕ್ಕದಲ್ಲಿ ಗೆದ್ದಿರಬಹುದು; ಅವನ ಚರಗ ಮಾತ್ರ ಹಬ್ಬವಾಗುವುದಿಲ್ಲ. (ತೊಗರಿಗೆ ಈ ಗೊಂದಲವಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಲ್ಲಿ ಅತ್ಯಂತ ದೀರ್ಘವಾದ ಹಗಲು ಸುಮಾರು 13 ಗಂಟೆ 10 ನಿಮಿಷ, ಅತ್ಯಂತ ಚಿಕ್ಕದು ಸುಮಾರು 11 ಗಂಟೆ 5 ನಿಮಿಷ. ಹಗಲು ಕುಗ್ಗುತ್ತಿದೆ ಎಂಬುದನ್ನು ತಾನೇ ಅರಿತು ತೊಗರಿ ಹೂವಿಗೆ ಬರುತ್ತದೆ.)

ರಂಜಾನ್ ತಿಂಗಳ ಕೊನೆಯಲ್ಲಿ ನಮ್ಮ ಮುಸ್ಲಿಂ ನೆರೆಯವರು ಮಾಳಿಗೆಯೇರಿ ಪಶ್ಚಿಮದತ್ತ ನೋಡುತ್ತಾರೆ. ಎಳೆಯ ಚಂದ್ರ ಅಂದು ಎಷ್ಟು ಡಿಗ್ರಿ ಎತ್ತರದಲ್ಲಿದ್ದಾನೆ, ಎಷ್ಟು ನಿಮಿಷಗಳಲ್ಲಿ ಮುಳುಗುತ್ತಾನೆ ಎಂಬುದು ಅವರ ಫೋನಿನಲ್ಲಿಯೂ ಇದೆ. ಆದರೂ ಕಣ್ಣಾರೆ ಕಂಡವರ ಸಾಕ್ಷ್ಯ ಬರಲೆಂದು ಕಾಯುತ್ತಾರೆ. ಲೆಕ್ಕವನ್ನೇ ನಂಬಬಹುದಲ್ಲವೇ ಎಂಬ ಚರ್ಚೆ ಅವರಲ್ಲಿಯೂ ಇದೆ. ಟರ್ಕಿಯಂಥ ದೇಶಗಳು ಲೆಕ್ಕವನ್ನೇ ಅನುಸರಿಸುತ್ತವೆ. ಗಲ್ಫಿನಲ್ಲಿ ದುಡಿಯುವ ಮಗ ಅನೇಕ ವರ್ಷ ಒಂದು ದಿನ ಮೊದಲೇ ಹಬ್ಬ ಮಾಡಿ ತಾಯಿಗೆ ಶುಭಾಶಯ ಹೇಳುತ್ತಾನೆ. ಆಳಂದದ ತಾಯಿ ಆಗ ಇನ್ನೂ ಉಪವಾಸದಲ್ಲಿರುತ್ತಾಳೆ. ತಾಯಿ ಮಗ ಇಬ್ಬರಲ್ಲಿ ಯಾರೂ ಇನ್ನೊಬ್ಬರ ಹಬ್ಬ ಸುಳ್ಳೆಂದು ಹೇಳುವುದಿಲ್ಲ.

ಎಲ್ಲ ಲೆಕ್ಕಗಳನ್ನೂ ಸರಿಪಡಿಸಿ ಒಂದೇ ಪಂಚಾಂಗ ಮಾಡಿದರೆ ಈ ತೊಡಕು ತೀರುವುದಿಲ್ಲವೇ ಎಂದು ಕೇಳಬಹುದು. ಆ ಪ್ರಯತ್ನವೂ ನಡೆದಿದೆ. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ದೇಶದಲ್ಲಿ ಆಗ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಅದು ಸೂರ್ಯನಿಗೆ ಅತ್ಯಂತ ನಿಷ್ಠವಾದ ಲೆಕ್ಕ. ಸರ್ಕಾರಿ ರಾಜ್ಯಪತ್ರದಲ್ಲಿ ಅದರ ದಿನಾಂಕ ಅಚ್ಚಾಗುತ್ತದೆ. ಆದರೆ ತನ್ನ ಮಗಳ ಮದುವೆಯನ್ನು ಆ ದಿನಾಂಕದಂತೆ ನಿಶ್ಚಯಿಸಿದ ಒಂದು ಮನೆಯನ್ನೂ ನಾನು ಕಂಡಿಲ್ಲ. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಅದು ಜನರ ಲೆಕ್ಕವಾಗಲಿಲ್ಲ.

ಈಗ ನಮ್ಮದೇ ಹಬ್ಬಕ್ಕೆ ಬರೋಣ. ಪುನರುತ್ಥಾನದ ಹಬ್ಬವು ವಸಂತ ವಿಷುವದ, ಅಂದರೆ ಹಗಲು ರಾತ್ರಿ ಸಮವಾಗುವ ದಿನದ, ಅನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರದಂದು ಬರುತ್ತದೆ ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ತರುಣನೊಬ್ಬನು ತನ್ನ ಆ್ಯಪ್‌ನಲ್ಲಿ 2019ರ ಮಾರ್ಚ್ ತಿಂಗಳಿಗೆ ಹಿಂದೆ ಸರಿದು ನೋಡಲಿ. ಭಾರತೀಯ ಕಾಲಮಾನದಂತೆ ಆ ವರ್ಷ ಮಾರ್ಚ್ 21ರ ಬೆಳಗಿನ ಜಾವ 3.28ಕ್ಕೆ ವಿಷುವ; ಅದೇ ಬೆಳಿಗ್ಗೆ 7.13ಕ್ಕೆ ಹುಣ್ಣಿಮೆ. ಅದು ಹೋಳಿ ಹುಣ್ಣಿಮೆ. ಅಂದು ಊರೆಲ್ಲ ಬಣ್ಣವಾಡುತ್ತಿತ್ತು. ನಿಯಮದಂತೆ ಮುಂದಿನ ಭಾನುವಾರ, ಮಾರ್ಚ್ 24ರಂದು, ಪಾಸ್ಖ ಹಬ್ಬ ಬರಬೇಕಿತ್ತು. ನಾವು ಹಬ್ಬ ಮಾಡಿದ್ದು ಏಪ್ರಿಲ್ 21ರಂದು. ಒಂದು ತಿಂಗಳ ಅಂತರ! ನಿಯಮವನ್ನು ಹೇಳಿಕೊಟ್ಟವರೇ ಅದನ್ನು ಮುರಿದರೆ ಹೇಗೆ ಎಂದು ಅವನು ಕೇಳಿದರೆ ಅದು ಅಧಿಕಪ್ರಸಂಗವಲ್ಲ, ನ್ಯಾಯವಾದ ಪ್ರಶ್ನೆ.

ಉತ್ತರ ಹೀಗಿದೆ. ಧರ್ಮಸಭೆ ಆಕಾಶದ ಚಂದ್ರನನ್ನು ನೋಡಿ ಹಬ್ಬವನ್ನು ಗೊತ್ತುಮಾಡುವುದಿಲ್ಲ. ಕೋಷ್ಟಕದ ಚಂದ್ರನನ್ನು ನೋಡಿ ಗೊತ್ತುಮಾಡುತ್ತದೆ. ಲೆಕ್ಕಕ್ಕೆ ವಿಷುವವನ್ನು ಮಾರ್ಚ್ 21 ಎಂದು ಸ್ಥಿರಪಡಿಸಲಾಗಿದೆ. ಹುಣ್ಣಿಮೆಗಳನ್ನು 19 ವರ್ಷಗಳ ಆವರ್ತದ ಮೇಲೆ ಎಣಿಸಲಾಗುತ್ತದೆ. ಆ ಕೋಷ್ಟಕದ ಹುಣ್ಣಿಮೆ 2019ರಲ್ಲಿ ಮಾರ್ಚ್ 20ಕ್ಕೇ ಬಿದ್ದಿತು, ಅಂದರೆ ಒಂದು ದಿನ ಮೊದಲು. ಆದುದರಿಂದ ಅದನ್ನು ಬಿಟ್ಟು ಮುಂದಿನ ಹುಣ್ಣಿಮೆಗೆ ಕಾಯಬೇಕಾಯಿತು. 325ರಲ್ಲಿ ನಿಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರ ಮುಖ್ಯ ಕಾಳಜಿ ಎಲ್ಲ ಸಭೆಗಳೂ ಒಂದೇ ದಿನ ಹಬ್ಬ ಮಾಡಬೇಕು ಎಂಬುದಾಗಿತ್ತು. ಆಗ ಖಗೋಳವಿದ್ಯೆಗೆ ಹೆಸರಾದ ನಗರ ಅಲೆಕ್ಸಾಂಡ್ರಿಯ. ಅಲ್ಲಿಯ ಧರ್ಮಾಧ್ಯಕ್ಷರು ವರ್ಷವರ್ಷವೂ ಪತ್ರ ಬರೆದು ಹಬ್ಬದ ದಿನವನ್ನು ಸಾರುತ್ತಿದ್ದರು. ಸಂತ ಅಥನಾಸಿಯುಸರು 367ರಲ್ಲಿ ಬರೆದ ಅಂಥ ಪತ್ರದಲ್ಲಿಯೇ ಹೊಸ ಒಡಂಬಡಿಕೆಯ 27 ಗ್ರಂಥಗಳ ಪಟ್ಟಿಯೂ ಇದೆ. ದಿನವನ್ನು ತಿಳಿಸಲು ಬಂದ ಓಲೆ ಗ್ರಂಥವನ್ನೂ ತಿಳಿಸಿತು! ತಲೆ ಎತ್ತಿ ಚಂದ್ರನನ್ನು ನೋಡುವುದು ಮರುಭೂಮಿಯ ಸನ್ಯಾಸಿಗೂ ಸಾಧ್ಯವಿತ್ತು. ಆದರೆ ಒಂದೂರಿನಲ್ಲಿ ಮೋಡ, ಇನ್ನೊಂದೂರಿನಲ್ಲಿ ಬಯಲಾಗಸ ಇದ್ದರೆ ಹಬ್ಬ ಒಡೆಯುತ್ತದೆ. ಓಲೆಯಲ್ಲಿ ಬಂದ ದಿನವನ್ನು ಎಲ್ಲರೂ ಹಂಚಿಕೊಳ್ಳಬಹುದಿತ್ತು.

ಇದರಿಂದ ಧರ್ಮಸಭೆಗೆ ಸತ್ಯದ ಗೊಡವೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಹಳೆಯ ಜೂಲಿಯನ್ ಪಂಚಾಂಗದ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಹೆಚ್ಚಾಗಿತ್ತು. ಈ ಸಣ್ಣ ತಪ್ಪು ಶತಮಾನಗಳಲ್ಲಿ ಬೆಳೆದು ವಿಷುವವನ್ನು ಮಾರ್ಚ್ 11ಕ್ಕೆ ತಂದು ನಿಲ್ಲಿಸಿತು. ವೈದ್ಯ ಲಿಲಿಯುಸ್, ಯೇಸುಸಭೆಯ ಗಣಿತಜ್ಞ ಕ್ಲಾವಿಯುಸ್ ಇವರ ಶ್ರಮದಿಂದ ಜಗದ್ಗುರು 13ನೆಯ ಗ್ರೆಗರಿಯವರು 1582ರಲ್ಲಿ ಪಂಚಾಂಗವನ್ನು ತಿದ್ದಿದರು. ಆ ವರ್ಷ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂದಿತು. ಸತ್ಯವನ್ನು ತಿದ್ದಿದ್ದೇನೋ ಸರಿಯೇ; ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅದನ್ನು ಒಪ್ಪಲಿಲ್ಲ. ಇಂದಿಗೂ ಅವುಗಳಲ್ಲಿ ಹೆಚ್ಚಿನವು ಹಳೆಯ ಲೆಕ್ಕದಂತೆಯೇ ಪಾಸ್ಖ ಆಚರಿಸುತ್ತವೆ. 2019ರಲ್ಲಿ ಅವರ ಹಬ್ಬ ಏಪ್ರಿಲ್ 28ರಂದು ನಡೆಯಿತು. ಒಂದೇ ಪುನರುತ್ಥಾನಕ್ಕೆ ಎರಡು ಭಾನುವಾರಗಳು!

1997ರ ಮಾರ್ಚ್‌ನಲ್ಲಿ ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿ ಅನೇಕ ಸಭೆಗಳ ಪ್ರತಿನಿಧಿಗಳು ಸೇರಿ ಒಂದು ಸಲಹೆ ಕೊಟ್ಟರು. ನಿಸಿಯಾದ ನಿಯಮ ಹಾಗೆಯೇ ಇರಲಿ. ಕೋಷ್ಟಕವನ್ನು ಬಿಟ್ಟು, ಯೆರೂಸಲೇಮಿನ ರೇಖಾಂಶವನ್ನು ಆಧಾರವಾಗಿಟ್ಟುಕೊಂಡು, ಇಂದಿನ ಖಗೋಳವಿಜ್ಞಾನ ಹೇಳುವ ನಿಜವಾದ ವಿಷುವ, ನಿಜವಾದ ಹುಣ್ಣಿಮೆಗಳಂತೆ ಹಬ್ಬ ಮಾಡೋಣ ಎಂಬುದು ಅದರ ಸಾರ. ನಮ್ಮ ಫೋನಿನಲ್ಲಿರುವ ಆ್ಯಪ್‌ನ ಲೆಕ್ಕವೇ ಅದು ಎನ್ನಬಹುದು. ಎರಡು ಕಡೆಯವರೂ ತಂತಮ್ಮ ಹಳೆಯ ಕೋಷ್ಟಕವನ್ನು ಬಿಟ್ಟುಕೊಟ್ಟು ಆಕಾಶದ ಸಾಕ್ಷಿಯನ್ನು ಒಪ್ಪುವ ಸುಂದರವಾದ ಸಲಹೆ. ಆದರೂ ಅದು ಜಾರಿಗೆ ಬರಲಿಲ್ಲ. ತಡವಾಯಿತೆಂದು ನನಗೆ ಬೇಸರವಿದೆ. ಆದರೆ ಒಂದು ಸಭೆ ಮಾತ್ರ ಸರಿಯಾದ ದಿನಕ್ಕೆ ಜಿಗಿದು ಉಳಿದವರನ್ನು ಹಿಂದೆ ಬಿಟ್ಟಿದ್ದರೆ ಎರಡಿದ್ದ ಭಾನುವಾರಗಳು ಮೂರಾಗುತ್ತಿದ್ದವು. ನಿಸಿಯಾ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಎರಡೂ ಲೆಕ್ಕಗಳು ತಾವಾಗಿಯೇ ಕೂಡಿ ಬಂದು ಪೂರ್ವ ಪಶ್ಚಿಮಗಳೆರಡೂ ಏಪ್ರಿಲ್ 20ರಂದು ಒಟ್ಟಿಗೆ ಹಬ್ಬ ಮಾಡಿದವು.

ಈ ವಾದ ನಿಸಿಯಾಕ್ಕಿಂತಲೂ ಹಳೆಯದು. ಏಷ್ಯಾ ಸೀಮೆಯ ಕ್ರೈಸ್ತರು ಯೆಹೂದ್ಯರ ತಿಂಗಳ 14ನೆಯ ದಿನ, ಅದು ಯಾವ ವಾರವೇ ಆಗಿರಲಿ, ಪಾಸ್ಖ ಆಚರಿಸುತ್ತಿದ್ದರು. ರೋಮಿನವರು ಭಾನುವಾರದಂದೇ ಆಚರಿಸುತ್ತಿದ್ದರು. ಸುಮಾರು 155ರಲ್ಲಿ ಸ್ಮಿರ್ನದ ವೃದ್ಧ ಧರ್ಮಾಧ್ಯಕ್ಷ ಸಂತ ಪೊಲಿಕಾರ್ಪರು ರೋಮಿಗೆ ಬಂದು ಅನಿಸೇತುಸರೊಡನೆ ಈ ವಿಷಯವಾಗಿ ಮಾತಾಡಿದರು. ಇವರು ಅವರನ್ನು ಒಪ್ಪಿಸಲಾಗಲಿಲ್ಲ, ಅವರು ಇವರನ್ನು ಒಪ್ಪಿಸಲಾಗಲಿಲ್ಲ. ಆದರೆ ಅನಿಸೇತುಸರು ತಮ್ಮ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುವ ಗೌರವವನ್ನು ಪೊಲಿಕಾರ್ಪರಿಗೆ ಬಿಟ್ಟುಕೊಟ್ಟರು. ಇಬ್ಬರೂ ಶಾಂತಿಯಿಂದ ಬೀಳ್ಕೊಂಡರು. ಒಂದು ತಲೆಮಾರಿನ ಬಳಿಕ ರೋಮಿನ ವಿಕ್ಟರರು ಅದೇ ಏಷ್ಯಾದ ಸಭೆಗಳನ್ನು ದಿನದ ಕಾರಣಕ್ಕಾಗಿ ಬಹಿಷ್ಕರಿಸಲು ಹೊರಟಾಗ ಲಿಯೋನ್ಸಿನ ಸಂತ ಇರೆನೇಯುಸರು ಈ ಹಳೆಯ ಭೇಟಿಯನ್ನು ನೆನಪಿಸಿ ಪತ್ರ ಬರೆದರು. ಇರೆನೇಯುಸರು ತಾವು ಭಾನುವಾರವನ್ನೇ ಅನುಸರಿಸುತ್ತಿದ್ದವರು ಎಂಬುದನ್ನು ಮರೆಯಬಾರದು. ಲೆಕ್ಕದಲ್ಲಿ ವಿಕ್ಟರರ ಪಕ್ಷದವರಾಗಿದ್ದೂ ಅವರು ಬಹಿಷ್ಕಾರಕ್ಕೆ ಒಪ್ಪಲಿಲ್ಲ. ದಿನಗಳ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬಾರದೆಂದು ಸಂತ ಪೌಲರು ರೋಮಿನವರಿಗೆ ಬರೆದುದು ಇವರಿಗೆಲ್ಲ ತಿಳಿದೇ ಇತ್ತು. ತಿಳಿದದ್ದನ್ನು ನಡೆಸಿ ತೋರಿಸಿದವರು ಪೊಲಿಕಾರ್ಪ ಅನಿಸೇತುಸರು.

ಹಾಗಾಗಿ ಆ್ಯಪ್ ಹಿಡಿದ ತರುಣನ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. ಸೂರ್ಯ ಚಂದ್ರರನ್ನು ದೇವರು ಕಾಲಗಳನ್ನು ಗುರುತಿಸಲೆಂದೇ ಆಕಾಶದಲ್ಲಿಟ್ಟರೆಂದು ಆದಿಕಾಂಡದ ಮೊದಲ ಅಧ್ಯಾಯವೇ ಹೇಳುತ್ತದೆ. ಆ ಗುರುತುಗಳನ್ನು ಅವನು ಚೆನ್ನಾಗಿ ಓದಲಿ. ಧರ್ಮೋಪದೇಶ ಕಲಿಸುವವರು ತಪಸ್ಸುಕಾಲದ ಒಂದು ಸಂಜೆ ಮಕ್ಕಳನ್ನು ದೇವಾಲಯದ ಅಂಗಳದಲ್ಲಿ ಕೂಡಿಸಿ, ಫೋನಿನ ಚಂದ್ರನನ್ನೂ ಬಾನಿನ ಚಂದ್ರನನ್ನೂ ಜೊತೆಯಾಗಿ ತೋರಿಸಿದರೆ ಎಷ್ಟೋ ಪ್ರಶ್ನೆಗಳು ಹುಟ್ಟುತ್ತವೆ. ಬೂದಿ ಬುಧವಾರ ಪ್ರತಿವರ್ಷ ಏಕೆ ಬೇರೆ ಬೇರೆ ದಿನ ಬರುತ್ತದೆ, ಶುಭ ಶುಕ್ರವಾರದ ಆಸುಪಾಸಿನಲ್ಲಿ ಚಂದ್ರ ಏಕೆ ತುಂಬಿರುತ್ತಾನೆ ಎಂದು ಕೇಳದೆಯೇ ಬೆಳೆದ ನಮ್ಮ ತಲೆಮಾರಿಗಿಂತ ಅವರು ಹೆಚ್ಚು ತಿಳಿಯಲಿ. 2019ರ ಶುಭ ಶುಕ್ರವಾರ, ಏಪ್ರಿಲ್ 19ರ ಸಂಜೆ, ಆಕಾಶದಲ್ಲಿ ನಿಜವಾಗಿಯೂ ಹುಣ್ಣಿಮೆಯಿತ್ತು ಎಂಬುದನ್ನೂ ಅವರಿಗೆ ತೋರಿಸಬೇಕು.

ಉತ್ತರಗಳನ್ನು ಸಿದ್ಧಪಡಿಸಿಕೊಳ್ಳಲು ನಮಗೆ ಕಾಲಾವಕಾಶವೂ ಇದೆ. ಕೋಷ್ಟಕದ ಚಂದ್ರ 19 ವರ್ಷಗಳಿಗೊಮ್ಮೆ ತನ್ನ ಹಳೆಯ ಜಾಗಕ್ಕೆ ಮರಳುತ್ತಾನೆ. 2038ರ ಮಾರ್ಚ್‌ನಲ್ಲಿ ಹುಣ್ಣಿಮೆ ಮತ್ತೆ ವಿಷುವದ ಬೆನ್ನಿಗೇ ಬರಲಿದೆ. ನಮ್ಮ ಈಗಿನ ಲೆಕ್ಕ ಹಾಗೆಯೇ ಮುಂದುವರಿದರೆ ಪಾಸ್ಖ ಹಬ್ಬ ಏಪ್ರಿಲ್ 25ರಂದು, ಬರಬಹುದಾದ ದಿನಗಳಲ್ಲೆಲ್ಲ ಅತ್ಯಂತ ಕೊನೆಯ ದಿನದಂದು, ಬರುತ್ತದೆ. ಇಂದು ಜೇವರ್ಗಿಯಲ್ಲೋ ಅಫಜಲಪುರದಲ್ಲೋ ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿರುವ ಮಕ್ಕಳು ಆಗ ಇಪ್ಪತ್ತರ ಆಸುಪಾಸಿನಲ್ಲಿರುತ್ತಾರೆ. ಅವರ ಕೈಯಲ್ಲಿ ಈಗಿನದಕ್ಕಿಂತ ಚುರುಕಾದ ಆ್ಯಪ್ ಇರುತ್ತದೆ, ಊರಿನಲ್ಲಿ ಹೋಳಿಯ ಬಣ್ಣವಿರುತ್ತದೆ, ತಲೆಯ ಮೇಲೆ ತುಂಬಿದ ಚಂದ್ರನಿರುತ್ತಾನೆ. ತಪಸ್ಸುಕಾಲ ಮುಗಿಯಲು ಇನ್ನೂ ಐದು ವಾರ ಉಳಿದಿರುತ್ತದೆ.